ಅಡಿಟಿಪ್ಪಣಿಯಲ್ಲಿ ಅಂಬವ್ವ

ಕುಷಾಯಿಗೂಡ, ಹೈದರಾಬಾದ್
೧೪ ಜುಲೈ ೨೦೨೪

ಅಕ್ಕರೆಯ ಉಮಕ್ಕನಿಗೆ ತಂಗಿ ಸುವರ್ಣಾಳ ನಮಸ್ಕಾರಗಳು.

ನಿನ್ನ ಕಾಗದ ನನ್ನ ಮೇಜಿನ ಮೇಲೆ ಕೂತು ಕೂತು ಚಹಾದ ಕಲೆ ಬೀಳಿಸಿಕೊಂಡಿದೆ. ಉತ್ತರ ತಡವಾಯಿತು, ಬೈಯುವುದಿದ್ದರೆ ಬೈದುಬಿಡು. ಫೋನು ಮಾಡಬಹುದಿತ್ತು. ಆದರೆ ನಾನು ಫೋನು ಹಿಡಿದರೆ ಸಾಕು, ಅವ್ವ "ಉಮಾ ಏನ? ಇಲ್ಲೆ ತಾ" ಎಂದು ಕಸಿದುಕೊಳ್ಳುತ್ತಾಳೆ. ಆಮೇಲೆ ರಾಯಚೂರಿನ ಬಿಸಿಲಿನಿಂದ ಹಿಡಿದು ನಿನ್ನ ಸೊಸೆ ಮಾಡುವ ಸಾರಿನವರೆಗೆ ಮಾತು ಓಡುತ್ತದೆ, ನನ್ನದು ಅಲ್ಲೇ ಉಳಿಯುತ್ತದೆ. ಮಾವನವರ ಮೊಣಕಾಲು ಹೇಗಿದೆ? ನಾವೆಲ್ಲ ಆರಾಮ. ಅವ್ವನಿಗೆ ಕಿವಿ ಸ್ವಲ್ಪ ಮಂದವಾಗಿದೆ, ದನಿ ಮಾತ್ರ ಮೊದಲಿನಂತೆಯೇ ಖಣಖಣ.

ಪಿಎಚ್.ಡಿ. ಪ್ರಬಂಧ ಮುಗಿಯಿತು ಎಂದು ಹೋದ ಕಾಗದದಲ್ಲಿ ಜಂಬ ಕೊಚ್ಚಿಕೊಂಡಿದ್ದೆನಲ್ಲ, ಅಸಲಿ ಕಾಟ ಶುರುವಾದದ್ದೇ ಆಮೇಲೆ. ಎಡಗಡೆ ಅಂಚು ಇಷ್ಟಿರಬೇಕು, ಸಾಲುಗಳ ನಡುವೆ ಜಾಗ ಇಷ್ಟಿರಬೇಕು. ಯಾರ ಮಾತನ್ನು ತೆಗೆದುಕೊಂಡರೂ ಅವರ ಹೆಸರು, ವರ್ಷ, ಪುಟ, ಎಲ್ಲವನ್ನೂ ಚುಕ್ಕೆ ತಪ್ಪದಂತೆ ಕೊಡಬೇಕು. ಮೊದಮೊದಲು ತಲೆ ಚಿಟ್ಟು ಹಿಡಿಯಿತು. ಬರಬರುತ್ತ ನನಗೆ ಇದು ಹಿಡಿಸಿತು. ಯಾರಿಂದ ಪಡೆದೆ ಎಂದು ಹೇಳಿಯೇ ಮುಂದೆ ಹೋಗು ಅನ್ನುವ ನಿಯಮ ಎಷ್ಟು ಮರ್ಯಾದಸ್ಥ ನಿಯಮ!

ನನ್ನ ವಿಷಯ ನಿನಗೆ ಗೊತ್ತೇ ಇದೆ, ಹೈದರಾಬಾದಿನ ಕನ್ನಡ ಮನೆಗಳ ತೊಟ್ಟಿಲ ಪದಗಳು. ಅವುಗಳಲ್ಲಿ ಹೆಚ್ಚಿನವು ನಮ್ಮ ಅವ್ವ ಕಟ್ಟಿದವು. ಈ ಊರಲ್ಲಿ ನಮ್ಮ ಕಡೆಯವರ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯವಿದ್ದರೆ ಅವಳಿಗೆ ಕರೆ ಬಂದೇ ಬರುತ್ತದೆ. ಇಡುವ ಹೆಸರನ್ನು ಮುಂಚೆಯೇ ಗುಟ್ಟಾಗಿ ಕೇಳಿಕೊಂಡು, ಅದನ್ನು ಸೇರಿಸಿ ಆ ಮನೆಗೆಂದೇ ಹೊಸ ಪದ ಕಟ್ಟುತ್ತಾಳೆ. ಒಂದು ಕೂಸಿನ ಪದವನ್ನು ಇನ್ನೊಂದು ತೊಟ್ಟಿಲಿಗೆ ಎಂದೂ ಹಾಡುವುದಿಲ್ಲ. ಯಾರಾದರೂ ಒತ್ತಾಯ ಮಾಡಿದರೆ, "ಅದು ಆ ಕೂಸಿಂದು. ನಾನ್ ಹೆಂಗ ನಿಮಗ ಕೊಡ್ಲಿ?" ಎನ್ನುತ್ತಾಳೆ.

ಈಗ ನಡೆದದ್ದು ಕೇಳು. ಒಪ್ಪಿಸುವ ಮೊದಲು ಪ್ರಬಂಧವನ್ನು ಕಂಪ್ಯೂಟರಿಗೆ ಹಾಕಿ, ಎಲ್ಲಿಂದಾದರೂ ನಕಲು ಮಾಡಿದ್ದೇವೆಯೇ ಎಂದು ನೋಡುತ್ತಾರೆ. ನನ್ನ ಮೂರನೆಯ ಅಧ್ಯಾಯ ಪೂರ್ತಿ ಕೆಂಪಾಗಿ ಬಂತು. ಅದು ನಮ್ಮ ಮಾರ್ಗದರ್ಶಕರಾದ ಶಾಂತಕುಮಾರ ಸರ್ ಹೋದ ವರ್ಷ ಪ್ರಕಟಿಸಿದ ಲೇಖನದ ನಕಲಂತೆ! ಲೇಖನ ತರಿಸಿ ನೋಡಿದೆ. ಅವ್ವನ ಬಾಯಿಂದ ಧ್ವನಿಮುದ್ರಿಸಿಕೊಂಡು, ಬರೆದಿಳಿಸಿ, ತಿದ್ದಲೆಂದು ನಾನು ಅವರ ಕೈಗೆ ಕೊಟ್ಟ ಪದಗಳೇ ಅಲ್ಲಿ ಸಾಲಾಗಿ ಕೂತಿದ್ದವು. ಅವ್ವನ ಹೆಸರಿಲ್ಲ, ನನ್ನದೂ ಇಲ್ಲ. 'ಕರ್ತೃ ಅಜ್ಞಾತ, ಕಾಲ ತಿಳಿಯದು. ಇವೆಲ್ಲ ಒಂದೇ ಪುರಾತನ ಜೋಗುಳದ ಪಾಠಾಂತರಗಳು' ಎಂದು ಬರೆದಿದ್ದಾರೆ. ಮಿಯಾಪುರದ ಕೌಶಲ್‌ಗೆ ಅವ್ವ ಕಟ್ಟಿದ್ದು ನೆನಪಿದೆಯಾ? 'ಮೆಟ್ರೋದ ಸದ್ದೀಗೆ ಬೆಚ್ಚಬ್ಯಾಡೋ ಕಂದ, ಸ್ವಾದರತ್ತಿ ಬಂದಾಳ ಅದರಾಗ.' ಇದೂ ಪುರಾತನವಂತೆ! ಸಿಟ್ಟು ನೆತ್ತಿಗೇರಿದ್ದರೂ ಅದನ್ನು ಓದಿ ನಕ್ಕುಬಿಟ್ಟೆ.

ಮರುದಿನವೇ ಅವರ ಕೋಣೆಗೆ ಹೋದೆ. ಅವರು ಮೈಸೂರಿನ ಕಡೆಯವರು, ದನಿ ಏರಿಸುವವರಲ್ಲ.

"ಸುವರ್ಣಾ ಅವರೇ, ಜಾನಪದಕ್ಕೆ ಕರ್ತೃ ಅಂತ ಇರೋದಿಲ್ಲ, ಸಮುದಾಯವೇ ಕರ್ತೃ. ನೀವು ಆ ಪದಗಳಿಗೆಲ್ಲ ನನ್ನ ಲೇಖನವನ್ನ ಆಕರ ಅಂತ ಕೊಟ್ಟುಬಿಡಿ. ಕೆಂಪು ಹೋಗುತ್ತೆ, ಈ ತಿಂಗಳೇ ಸಹಿ ಮಾಡ್ತೀನಿ."

"ಸರ್, ನಮ್ಮವ್ವನ ಪದಕ್ಕ ನೀವು ಆಕರ ಹೆಂಗ ಆಗ್ತೀರಿ?" ಎಂದೆ.

"ತಾಯಿಯವರ ಹೆಸರನ್ನ ಕೃತಜ್ಞತೆಯಲ್ಲಿ ಹಾಕಿ, ಬೇಡ ಅಂದವರಾರು? ಆದ್ರೆ ಆಕರಗಳ ಪಟ್ಟಿಗೆ ಬರೋದಿಲ್ಲ. ಮನೆಯಲ್ಲಿ ಕೇಳಿದ್ದು ಖಾಸಗಿ ಮಾತುಕತೆ. ಓದಿದವರು ಹೋಗಿ ಪರೀಕ್ಷಿಸೋಕೆ ಆಗಬೇಕಲ್ಲ?"

"ಕುಷಾಯಿಗೂಡಕ್ಕ ಬರಲಿ ಸರ್. ಪರೀಕ್ಷಾನೂ ಆಗತೈತಿ, ಚಹಾನೂ ಸಿಗತೈತಿ."

ಅವರು ನಗಲಿಲ್ಲ. ಯೋಚನೆ ಮಾಡಿ ಬನ್ನಿ ಎಂದರು. ಸಹಿ ಇಲ್ಲದೆ ಪ್ರಬಂಧ ಮುಂದೆ ಹೋಗುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಒಂದು ಮಾತು ಮಾತ್ರ ಅವರು ಸರಿಯಾಗಿಯೇ ಹೇಳಿದ್ದರು. ಕೇವಲ ಕೇಳಿದೆ ಎಂದರೆ ಆಕರದ ಪಟ್ಟಿಗೆ ಸೇರುವುದಿಲ್ಲ, ನಿಯಮ ಹಾಗೇ ಇದೆ. ಹಾಗಾದರೆ ಏನು ಮಾಡಿದರೆ ಸೇರುತ್ತದೆ ಎಂದು ಗ್ರಂಥಾಲಯಕ್ಕೆ ಹೋಗಿ ಗ್ರಂಥಪಾಲಕಿ ಅಹಲ್ಯಾ ಮೇಡಂ ಅವರನ್ನು ಹಿಡಿದೆ. ಧ್ವನಿಮುದ್ರಿಕೆಗಳನ್ನು ಗ್ರಂಥಾಲಯದ ಸಂಗ್ರಹಕ್ಕೆ ಕೊಟ್ಟರೆ ಅವರು ಸಂಖ್ಯೆ ಹಾಕಿ ದಾಖಲಿಸುತ್ತಾರಂತೆ. ಯಾರು ಬೇಕಾದರೂ ಬಂದು ಕೇಳಬಹುದು. ಆಮೇಲೆ ಅದು ಪುಸ್ತಕದಷ್ಟೇ ಗಟ್ಟಿ ಆಕರ. ಅವತ್ತೇ ಮನೆಗೆ ಬಂದು ಎಲ್ಲ ಮುದ್ರಿಕೆಗಳನ್ನೂ ತೆಗೆದು ಜೋಡಿಸಿದೆ. ಯಾರ ಕೂಸಿಗೆ, ಯಾವ ಓಣಿಯಲ್ಲಿ, ಯಾವ ವರ್ಷ ಹಾಡಿದ್ದು ಎಂದು ಅವ್ವ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ.

ಹಾಡಿದವರ ಹೆಸರಿನ ಜಾಗದಲ್ಲಿ ತಕರಾರು ಬಂತು. ಮನೆತನದ ಹೆಸರು ಮೊದಲು ಬರಬೇಕು. ತವರಿನದು ಹಾಕಲೋ, ಅಪ್ಪನ ಮನೆತನದ್ದು ಹಾಕಲೋ ಎಂದು ಅವ್ವನನ್ನು ಕೇಳಿದೆ.

"ಯಾವ್ದೂ ಬ್ಯಾಡ. ಅಂಬವ್ವಾ ಅಂತ ಕೂಗಿದ್ರ ನಾನು ಓ ಅಂತೀನಿ. ಅಷ್ಟ ಬರಿ," ಎಂದಳು. ಆಮೇಲೆ ಲೇಖನದ ಸಂಗತಿ ತಿಳಿಸಿದಾಗ ಎಲೆ-ಅಡಕೆ ಬದಿಗಿಟ್ಟು, "ಅವ ಯಾರವ್ವಾ, ನಾ ಇನ್ನೂ ಕುಂತಿರಾಗ ನನ್ನ ಪದಕ್ಕ ಹಡದಾಕಿ ಇಲ್ಲ ಅಂದಾವ?" ಎಂದು ಕೇಳಿದಳು.

ಹಾಗಾಗಿ ಪಟ್ಟಿಯಲ್ಲಿ 'ಅಂಬವ್ವ' ಎಂದಷ್ಟೇ ಬರೆದು ಚುಕ್ಕೆ ಇಟ್ಟಿದ್ದೇನೆ. ಸರ್ ಅವರ ಲೇಖನವನ್ನೂ ಪಟ್ಟಿಯಲ್ಲಿ ಹಾಕಿದ್ದೇನೆ, ಅವರ ಅಭಿಪ್ರಾಯಗಳಿಗೆ ಮಾತ್ರ. ಅವರದ್ದನ್ನು ಅವರದ್ದೆಂದು ಹೇಳಲು ನನಗೆ ಹೊಟ್ಟೆಕಿಚ್ಚಿಲ್ಲ. ಅದನ್ನು ನೋಡಿ ಅವರು ಸಹಿ ಮಾಡುವುದಿಲ್ಲ ಎಂದರು. ನಾನು ಸಂಶೋಧನಾ ಸಮಿತಿಗೆ ಅರ್ಜಿ ಕೊಟ್ಟೆ. ಈ ತಿಂಗಳ ಕೊನೆಗೆ ವಿಚಾರಣೆ. ಮಾರ್ಗದರ್ಶಕರನ್ನು ಬದಲಿಸಬೇಕಾದರೆ ಇನ್ನೊಂದು ವರ್ಷ ಹೋಗಬಹುದು, ಪದವಿಯೇ ಕೈತಪ್ಪಲೂಬಹುದು. ಮನೆಯಲ್ಲಿ ಇವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಿ, "ವರ್ಷ ಹೋದ್ರ ಹೋಗ್ಲಿ ಸುವರ್ಣಾ, ಹೆಸರ ಮಾತ್ರ ಬಿಡಬ್ಯಾಡ" ಎಂದರು. ನಮ್ಮವರು ಮಾತಾಡುವುದೇ ಅಪರೂಪ, ನಿನಗೆ ಗೊತ್ತಲ್ಲ.

ನಿನ್ನಿಂದ ಒಂದು ಉಪಕಾರವಾಗಬೇಕು. ನಿಮ್ಮ ಭರತನ ತೊಟ್ಟಿಲಿಗೆ ಅವ್ವ ಕಟ್ಟಿದ ಪದವನ್ನು ನೆನಪಿದ್ದಷ್ಟು ಬರೆದು, ವರ್ಷ ಹಾಕಿ, ಸಹಿ ಮಾಡಿ ಬೇಗ ಕಳಿಸು. ಮಿಯಾಪುರದವರು, ಹಿಮಾಯತ್‌ನಗರದವರು ಈಗಾಗಲೇ ಬರೆದು ಕೊಟ್ಟಿದ್ದಾರೆ. ಸಮಿತಿಯ ಮುಂದೆ ನಾನು ಒಬ್ಬಳೇ ಹೋದರೂ ಕೈಯಲ್ಲಿ ಇಷ್ಟು ತಾಯಂದಿರ ಸಹಿ ಇರುತ್ತದೆ. ಹೆದರಿಕೆಯಾಗಿಲ್ಲ ಎಂದರೆ ಸುಳ್ಳಾದೀತು, ಆದರೆ ಹಿಂದೆ ಸರಿಯುವ ಯೋಚನೆ ಇಲ್ಲ.

ಮಾವನವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಭರತನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ, ಅವರ ಮನೆ ತುಂಬಿ ತುಳುಕಲಿ. ನಿನ್ನ ಆಶೀರ್ವಾದ ನನ್ನ ಬೆನ್ನಿಗಿರಲಿ, ಈಗ ಅದು ಬೇಕಾಗಿದೆ.

ನಿನ್ನ ತಂಗಿ,
ಸುವರ್ಣಾ

ಮರೆತ ಮಾತು: ಮರೆತದ್ದಲ್ಲ ಅಕ್ಕಾ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಲೇಖನದಲ್ಲಿ ಇನ್ನೊಂದು ಪದವಿದೆ. 'ತೊಟ್ಟಿಲ ಕಟ್ಟೀವಿ ಮಧುರಾ, ಓಣೀಗೆ ಸಕ್ಕರಿ ಹಂಚೀವಿ, ಅವ್ವನ ಕಣ್ಣಿಗೆ ನಿದ್ದಿಲ್ಲ, ನೀ ನಕ್ಕೋತ ಮಲಗವ್ವ.' ನಾನು ಹಡೆದ ಕೂಸಿಗೆ ಅವ್ವ ಕಟ್ಟಿಟ್ಟುಕೊಂಡಿದ್ದ ಪದ ಅದು. ನೀನು ಕುಲಾಯಿ ಹೊಲಿದು ತರುವಷ್ಟರಲ್ಲಿ ಕೂಸು ಹೋಗಿಬಿಟ್ಟಿತ್ತು, ತೊಟ್ಟಿಲ ಕಾರ್ಯ ಆಗಲೇ ಇಲ್ಲ. ಹಾಗಾಗಿ ಅವಳಿಗೆ ಏನು ಹೆಸರಿಡಬೇಕೆಂದಿದ್ದೆವೆಂದು ನಿನಗೂ ತಿಳಿಯಲಿಲ್ಲ, ಆಮೇಲೆ ಯಾರೂ ಕೇಳಲೂ ಇಲ್ಲ. ಎರಡು ವರ್ಷದ ಹಿಂದೆ ಅವ್ವ ತಾನಾಗಿಯೇ, "ಇದೂ ಇರಲಿ" ಎಂದು ಅದನ್ನು ಹಾಡಿ ಧ್ವನಿಮುದ್ರಿಸಿಕೊಳ್ಳಲು ಹೇಳಿದಳು. ಸರ್ ಅದರ ಕೆಳಗೆ ಹೀಗೆ ಅಡಿಟಿಪ್ಪಣಿ ಹಾಕಿದ್ದಾರೆ: 'ಮಧುರಾ, ಲಯಕ್ಕಾಗಿ ಸೇರಿಸಿದ ಹೆಸರು, ಯಾವ ವ್ಯಕ್ತಿಯನ್ನೂ ಸೂಚಿಸುವುದಿಲ್ಲ.' ನಿನ್ನೆ ನನ್ನ ಪ್ರಬಂಧದಲ್ಲಿ ಅದೇ ಪದದ ಕೆಳಗೆ, ಸಣ್ಣ ಅಕ್ಷರದಲ್ಲಿ, ನಿಯಮ ಹೇಳುವ ಹಾಗೆಯೇ, ನಾನೂ ಒಂದು ಅಡಿಟಿಪ್ಪಣಿ ಬರೆದೆ: 'ಮಧುರಾ, ಸುವರ್ಣಾ ಮತ್ತು ಕಲ್ಲೇಶ ಅವರ ಮಗಳು.'