ಯಾರು ಸಾಯುವವರೆಗೆ?

೧೧ ಜನವರಿ ೨೦೨೫, ಶನಿವಾರ

ಡ್ಯೂಟಿಯಿಂದ ಬಂದು ಬಂಗುಡೆ ಹುರಿಯುತ್ತಿದ್ದೆ. ಲಿಯೊನೆಲ್ ಸೋಫಾದಲ್ಲಿ ಕಾಲು ಚಾಚಿ — ಥಾಯ್ಲೆಂಡ್, ಥಾಯ್ಲೆಂಡ್. ರಿಟೈರ್ ಆದಮೇಲೆ ಅಲ್ಲೇ ಅಂತೆ. ಇಲ್ಲಿ ದುಬೈಯ ಪ್ರಾಪರ್ಟಿ ಶೋನಲ್ಲಿ ಯಾರೋ ಜ್ಯೂಸ್ ಕೊಟ್ಟು 'ಸರ್' ಎಂದಿರಬೇಕು. ಅಷ್ಟೇ ಸಾಕು ಈ ಗಂಡ ಎಂಬ ಪ್ರಾಣಿಗೆ. ಹಣ ಹಿಂದಿನ ಕೆಲಸ ಬಿಟ್ಟಾಗ ಬಂದ ನನ್ನ ಗ್ರಾಚ್ಯುಯಿಟಿಯದು. ಇವನದ್ದು ಕಸಿನ್ ಕ್ಲಾರೆನ್ಸನ ರೆಸ್ಟೊರೆಂಟಿನಲ್ಲಿ ಖಲಾಸ್ ಆಗಿ ವರ್ಷಗಳಾದವು.

೧೯ ಜನವರಿ, ಭಾನುವಾರ

ಚರ್ಚಿನಿಂದ ಸೀದಾ ದೇರಾದಲ್ಲಿರುವ ಪ್ರಾಪರ್ಟಿ ಏಜೆನ್ಸಿಗೆ. ಅಲ್ಲಿನ ಹುಡುಗಿ ಸುಮೀನಾ, ಬಂಟ್ವಾಳ ಕಡೆಯ ಬ್ಯಾರಿ. ಬಿಡಿಸಿ ಹೇಳಿದಳು.

"ನೋಡಿ ಆಂಟಿ, ಫ್ಲ್ಯಾಟ್ ಆದ್ರೆ ನಿಮ್ಮ ಹೆಸರಿಗೇ ಸ್ವಂತ ಆಗ್ತದೆ. ನಿಮ್ಮ ನಂತರ ನಿಮ್ಮವರಿಗೆ ಹೋಗ್ತದೆ. ಹಿತ್ತಿಲು ಇರುವ ಮನೆ ಬೇಕಾದ್ರೆ ನೆಲ ಅಲ್ಲಿನವರದ್ದೇ. ಒಂದೋ ಮೂವತ್ತು ವರ್ಷ ಲೀಸ್, ಇಲ್ಲದಿದ್ರೆ ಯೂಸುಫ್ರಕ್ಟ್."

"ಯೂಸುಫ್ ಯಾರು?" ಎಂದ ಲಿಯೊನೆಲ್.

ಹುಡುಗಿ ಕಷ್ಟಪಟ್ಟು ನಗು ತಡೆದಳು. "ಹಕ್ಕಿನ ಹೆಸರು ಅಂಕಲ್. ಕಾಗದದಲ್ಲಿ ಹೆಸರು ಇರುವವರು ಸಾಯುವವರೆಗೆ ಆ ಮನೆಯಲ್ಲಿ ಇರ್ಬಹುದು. ಸತ್ರೆ ಹಕ್ಕು ಮುಗೀತು."

ಅದನ್ನೇ ಆರಿಸಿದ. ಹಿತ್ತಿಲಲ್ಲಿ ಬಸಳೆ ಬೆಳೆಸುತ್ತಾನಂತೆ. ಇಲ್ಲಿ ಊದ್ ಮೇಥಾದ ನಮ್ಮ ಬಾಲ್ಕನಿಯಲ್ಲಿ ಒಂದು ಪುದೀನ ಉಳಿಸಲಾಗದ ಮಹಾನುಭಾವ! ನನಗೆ ಫ್ಲ್ಯಾಟ್ ಸಾಕಿತ್ತು. ಕೇಳುವವರು ಯಾರು? ಅಡ್ವಾನ್ಸ್ ಕೊಟ್ಟೂ ಆಯಿತು.

೨ ಫೆಬ್ರವರಿ

ಕರಾರಿನ ಡ್ರಾಫ್ಟ್ ಬಂತು. ಸಾಯುವವರೆಗೆ — ಯಾರು? ಲಿಯೊನೆಲ್ ಒಬ್ಬನೇ. ನನ್ನ ಹೆಸರೇ ಇಲ್ಲ.

"ನೀನು ಸತ್ರೆ ನಾನೆಲ್ಲಿ ಇರುದು?" ಎಂದೆ.

ನಕ್ಕ. "ನೀನು ನನ್ನ ವೀಸಾದಲ್ಲೇ ಇದ್ದೀಯಲ್ಲ ಜೆಸ್ಸಿ. ನಾನಿದ್ರೆ ನೀನೂ ಉಂಟು. ಬೇರೆ ಹೆಸರು ಯಾಕೆ?"

"ಅದು ದುಬೈ. ಇದು ಥಾಯ್ಲೆಂಡ್."

"ಎಲ್ಲ ಕಡೆ ಗಂಡನೇ ಸ್ಪಾನ್ಸರ್ ಮಾರಾಯ್ತಿ."

ಅಬ್ಬಾ, ಬುದ್ಧಿಯೇ! ಗಲ್ಫಿನಲ್ಲಿ ಇದ್ದೂ ಇದ್ದೂ ಜಗತ್ತಿಡೀ ಇವನಿಗೆ ಒಂದು ಇಮಿಗ್ರೇಶನ್ ಕೌಂಟರ್. ಸಿಟ್ಟಿಗಿಂತ ಹೇಸಿಗೆಯಾಯಿತು. ಅಡುಗೆಮನೆಗೆ ಹೋಗಿ ಅತ್ತೆ. ಅದೂ ಕಾಣಲಿಲ್ಲ ಅವನಿಗೆ.

೬ ಫೆಬ್ರವರಿ, ಲಂಚ್ ಬ್ರೇಕ್

ಸುಮೀನಾಗೆ ಫೋನ್ ಮಾಡಿದೆ. ಇಬ್ಬರ ಹೆಸರೂ ಹಾಕಬಹುದಂತೆ. "ಅಂಕಲ್‌ಗೆ ಹೇಳಿದ್ದೆ ಆಂಟಿ. ಬೇಡ, ಸುಮ್ನೆ ಕೆಲಸ ಜಾಸ್ತಿ ಅಂದ್ರು."

ಕೆಲಸ ಜಾಸ್ತಿ! ಜೆಸ್ಸಿ. ಎರಡಕ್ಷರ.

"ಹಣ ಯಾರ ಅಕೌಂಟಿಂದ ಹೋಗ್ತದೆ?"

"ನಿಮ್ಮದ್ರಿಂದ."

"ಹಾಗಾದ್ರೆ ನನ್ನ ಹೆಸರು ಮಾತ್ರ ಹಾಕು."

ಹುಡುಗಿ ಈ ಸಲ ನಗು ತಡೆಯಲಿಲ್ಲ. "ಆಯ್ತು ಆಂಟಿ... ಯಲ್ಲಾ, ಮಾಡಿಬಿಡುವ."

೧೫ ಫೆಬ್ರವರಿ, ಶನಿವಾರ, ಮಧ್ಯಾಹ್ನ

ಹೊಸ ಡ್ರಾಫ್ಟ್ ಊಟದ ಮೇಜಿನ ಮೇಲಿಟ್ಟೆ. ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು. ಕೊನೆಗೂ ಓದಿದರು!

"ಇದ್ರಲ್ಲಿ ನಿನ್ನ ಹೆಸರು ಮಾತ್ರ ಉಂಟಲ್ಲ. ಟೈಪಿಂಗ್ ಮಿಸ್ಟೇಕಾ?"

"ಅಲ್ಲ."

ಅನ್ನ ಕಲಸಿದ ಕೈ ಒಣಗುವವರೆಗೆ ಅದೇ ಹಾಳೆ ತಿರುಗಿ ತಿರುಗಿ ಓದಿದ. ಮತ್ತೆ ಸಣ್ಣ ದನಿಯಲ್ಲಿ, "ನಿಂಗೇನಾದ್ರೂ ಆದ್ರೆ... ನಾನೆಲ್ಲಿಗೆ ಹೋಗುದು ಜೆಸ್ಸಿ?"

ನಾನು ನಗಲಿಲ್ಲ. ನಗಬಹುದಿತ್ತು.

ಈಗ ಬಾಲ್ಕನಿಯಲ್ಲಿ ಒಬ್ಬನೇ ನಿಂತಿದ್ದಾನೆ. ಟೀವಿಯೂ ಹಾಕಿಲ್ಲ. ಕೊನೆಗೆ ಇಬ್ಬರ ಹೆಸರೂ ಹಾಕಿಸುತ್ತೇನೆ, ನನಗೆ ಗೊತ್ತು. ಸುಮೀನಾಗೆ ಒಂದು ಮೆಸೇಜ್ ಸಾಕು. ಇವತ್ತು ಬೇಡ. ನಾಳೆಯೂ ಬೇಡ. ಎಲ್ಲಿಗೆ ಹೋಗುವುದು ಅಂತ ಸ್ವಲ್ಪ ದಿನ ಅವನೂ ಯೋಚಿಸಲಿ.

ಬಂದ. ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಾನೆ — ಚಾ ಮಾಡಿ ಕೊಡಲಾ ಅಂತ. ಚಾ! ಸಕ್ಕರೆ ಡಬ್ಬ ಎಲ್ಲಿದೆ ಅಂತಲೂ ಗೊತ್ತಿಲ್ಲದ ಇವನು ನನಗೆ ಚಾ ಮಾಡುತ್ತಾನಂತೆ.