ಹಿಂದಿನ ಜಗಲಿಯ ಎಲೆ

ಬಂಟ್ವಾಳ
೧೧-೨-೧೯೬೮, ಆದಿತ್ಯವಾರ

ಪ್ರೀತಿಯ ಪ್ರೇಮಾ,

ನಿನ್ನ ಕಾಗದ ಬಂದು ಒಂದು ವಾರ ದಾಟಿತು. 'ಪ್ರೀತಿಯ' ಎಂದು ಬರೆಯಬೇಕೋ ಬೇಡವೋ ಎಂಬಲ್ಲಿಯೇ ಪೆನ್ನು ನಿಂತಿತ್ತು. ಕೊನೆಗೆ ಬರೆದೆ. ಇಷ್ಟು ವರ್ಷ ಹಾಗೆಯೇ ಬರೆದ ಕೈ, ಬೇರೆ ಏನು ಬರೆಯಲೂ ಒಪ್ಪಲಿಲ್ಲ.

ಮೂಡಬಿದಿರೆಯ ಮಹಿಳಾ ಸಮಾಜದವರು ನಿನಗೆ ಸನ್ಮಾನ ಮಾಡುತ್ತಾರೆ, ಎಲ್ಲ ಜಾತಿಯ ಹೆಣ್ಣುಮಕ್ಕಳಿಗೂ ಕಾಲೇಜಿನ ಬಾಗಿಲು ತೆರೆಸಿದ್ದಕ್ಕಾಗಿ. ಒಳ್ಳೆಯದು. ಬರುವ ಜೂನಿನಿಂದ ಗುರುವಾಯನಕೆರೆ ಕಾಲೇಜಿಗೆ ನೀನೇ ಪ್ರಿನ್ಸಿಪಾಲ್ ಎಂಬುದೂ ಗೊತ್ತಾಯಿತು. ಅದೂ ಒಳ್ಳೆಯದು. ಆದರೆ ಅಭಿನಂದನೆಯ ಮಾತು ನಾನೇ ಆಡಬೇಕು, ನಿನ್ನನ್ನು ನನ್ನಷ್ಟು ಬಲ್ಲವರು ಬೇರೆ ಯಾರೂ ಇಲ್ಲ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನಗು ಬಂತು ಮಾರಾಯ್ತಿ. ನಗು ಮುಗಿದ ಮೇಲೆ ಸಿಟ್ಟು ಬಂತು. ಬಲ್ಲೆ ಎಂದೇ ನಾನು ಬರುವುದಿಲ್ಲ.

ವೇದಿಕೆ ಹತ್ತಿದರೆ ಆಡಬಹುದಾದ ಒಳ್ಳೆಯ ಮಾತುಗಳು ಬೇಕಾದಷ್ಟುಂಟು. ಇಂಟರ್ ಮುಗಿದಾಗ ನನ್ನ ಓದು ಸಾಕೆಂದು ಸೋದರಮಾವ ಹೇಳಿಬಿಟ್ಟಿದ್ದರು. ನಮ್ಮ ಮನೆಯಲ್ಲಿ ಮಾವ ಹೇಳಿದರೆಂದರೆ ಮುಗಿಯಿತು. ಅಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡರು, ಅಷ್ಟೆ. ಆಗ ನೀನು ಬಸ್ಸು ಹಿಡಿದು ಅಳದಂಗಡಿಯ ನಮ್ಮ ಮನೆಗೆ ಬಂದೆ. ಯಾರೂ ಕರೆದಿರಲಿಲ್ಲ. ಚಾವಡಿಯಲ್ಲಿ ಮಾವನ ಎದುರೇ ಕೂತು, ಶಶಿಯನ್ನು ಮಂಗಳೂರಿಗೆ ಕಳಿಸುವುದಾದರೆ ಮಾತ್ರ ಈ ಮನೆಯಲ್ಲಿ ಊಟ ಮಾಡ್ತೇನೆ ಅಂದೆ. ಮನೆಗೆ ಬಂದ ಹುಡುಗಿ ಹಸಿದು ಹೋದಳೆಂಬ ಮಾತನ್ನು ಮಾವ ಹೇಗೆ ತಡೆದುಕೊಂಡಾರು? ಸಂಜೆಯವರೆಗೆ ಗೊಣಗಿದರು. ದೀಪ ಹಚ್ಚುವ ಹೊತ್ತಿಗೆ, ಈ ಪೋಕರಿಗೆ ಮೊದಲು ಬಡಿಸಿ, ಆಮೇಲೆ ಇಬ್ಬರೂ ಎಲ್ಲಿ ಬೇಕಾದರೂ ಹೋಗಲಿ ಅಂದರು. ನಾನು ಓದಿ ಲೆಕ್ಚರರ್ ಆದದ್ದು ಹಾಗೆ. ಸಾಯುವವರೆಗೆ ಅದನ್ನು ಮರೆಯಲಾರೆ. ಕಷ್ಟ ಇರುವುದೂ ಅಲ್ಲೇ.

ಗುರುವಾಯನಕೆರೆಯಲ್ಲಿ ಕಾಲೇಜು ಶುರುವಾದಾಗ ನಾವಿಬ್ಬರೂ ಒಟ್ಟಿಗೇ ಸೇರಿದೆವು. ಹುಡುಗಿಯರ ಹಾಸ್ಟೆಲಿಗೆ ನೀನೇ ವಾರ್ಡನ್ ಆದೆ. ರಜೆಯಲ್ಲಿ ನನ್ನನ್ನು ಎಳೆದುಕೊಂಡು ಮನೆಮನೆ ತಿರುಗಿದೆ. ಪುಂಜಾಲಕಟ್ಟೆಯಲ್ಲಿ ಬಸ್ಸು ತಪ್ಪಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಗದ್ದೆಯ ಸಪೂರ ಹುಣಿಯ ಮೇಲೆ ನಡೆದದ್ದು ನೆನಪುಂಟಾ? ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ ಒಬ್ಬಳಿದ್ದರೆ ಸಾಕು, ಅದು ಯಾರ ಮನೆ, ಯಾವ ಜಾತಿ ಎಂದು ನೀನು ಕೇಳುತ್ತಿರಲಿಲ್ಲ.

ಬೀಫಾತಿಮಾಳ ಮನೆ ಹುಡುಕಿದವಳೂ ನೀನೇ. ಗಂಡನನ್ನು ಕಳೆದುಕೊಂಡವಳು, ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು. ಮಗಳು ರುಕಿಯಾ ಬಾಗಿಲ ಮರೆಯಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದಳು. ಆ ಓಣಿಯಿಂದ ಯಾವ ಹುಡುಗಿಯೂ ಕಾಲೇಜಿಗೆ ಹೋಗಿರಲಿಲ್ಲ. ನಾವು ಎರಡನೆಯ ಸಲ ಹೋದಾಗ ಬೀಫಾತಿಮಾ ಕೇಳಿದ್ದು ಒಂದೇ, ಅಲ್ಲಿ ನನ್ನ ಮಗಳನ್ನು ಬೇರೆ ಕೂರಿಸ್ಲಿಕ್ಕುಂಟಾ ಅಂತ. ನೀನು ಅವಳ ಎರಡೂ ಕೈ ಹಿಡಿದು, ಇಲ್ಲ, ನನ್ನ ಪಕ್ಕದಲ್ಲೇ ಕೂತು ಉಣ್ತಾಳೆ ಅಂದೆ. ಆ ಜೂನಿನಲ್ಲೇ ಮಗಳನ್ನು ಕಳಿಸಿದಳು.

ಎಲೆಯ ನಿಯಮ ಮಾಡಿದವಳೂ ನೀನು. ನಮ್ಮ ಕಡೆ ಉಂಡ ಎಲೆಯನ್ನು ಯಾರು ತೆಗೆಯುತ್ತಾರೆ ಎಂಬುದರಲ್ಲೇ ಮೇಲುಕೀಳು ಗೊತ್ತಾಗುತ್ತದೆ. ದೊಡ್ಡವರು ಎದ್ದು ಕೈ ತೊಳೆಯುತ್ತಾರೆ, ಅವರ ಎಲೆ ಬೇರೆಯವರು ತೆಗೆಯುತ್ತಾರೆ. ಹೊರಗೆ ಕೂತವರು ತಮ್ಮ ಎಲೆ ತಾವೇ ಎತ್ತಿ, ಕೂತ ಜಾಗಕ್ಕೆ ಸೆಗಣಿ ಸಾರಿಸಿ ಹೋಗಬೇಕು. ಹಾಸ್ಟೆಲಿನಲ್ಲಿ ಎಲ್ಲರೂ ಅವರವರ ಎಲೆ ಅವರವರೇ ತೆಗೆಯಬೇಕು ಎಂದು ನೀನು ಹೇಳಿದೆ. ಮೊದಲ ದಿನ ಬೀಡು, ಗುತ್ತುಗಳಂಥ ದೊಡ್ಡ ಮನೆಗಳಿಂದ ಬಂದ ಹುಡುಗಿಯರು ಮುಖ ಮುಖ ನೋಡಿಕೊಂಡರು. ನೀನು ನಿನ್ನ ಎಲೆ ಮಡಚಿ ಎದ್ದೆ, ಹಿಂದೆಯೇ ರುಕಿಯಾ ಎದ್ದಳು, ಆಮೇಲೆ ಉಳಿದವರೂ ಏಳಲೇಬೇಕಾಯಿತು. ಅವತ್ತು ನನಗಾದ ಹೆಮ್ಮೆ ಇಷ್ಟಲ್ಲ.

ಆಮೇಲೆ ಕಳೆದ ನವೆಂಬರ್ ಬಂತು. ಹಾಸ್ಟೆಲಿನ ಹೊಸ ಕಟ್ಟಡಕ್ಕೆ ಕಲ್ಲು ಹಾಕಲು, ಅದಕ್ಕೆ ದುಡ್ಡು ಕೊಡುತ್ತೇನೆಂದಿದ್ದ ಧಣಿಗಳು ಬಂದರು, ಜೊತೆಯಲ್ಲಿ ಅವರ ತಾಯಿ. ನಾನು ಅಕ್ಕನ ಬಾಣಂತನಕ್ಕೆಂದು ಮಂಗಳೂರಿಗೆ ಹೋಗಿದ್ದೆ. ನಾನಿಲ್ಲದ ದಿನ ನೋಡಿಯೇ ಮಾಡಿದೆ ಎನ್ನುವುದಿಲ್ಲ, ಅಷ್ಟು ಕೆಟ್ಟವಳಲ್ಲ ನೀನು. ಹುಡುಗಿಯರು ಹೇಳಿದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಎಲ್ಲರೂ ಊಟಕ್ಕೆ ಕೂತಾಗ ಆ ಮುದುಕಿ ಸಾಲನ್ನು ನೋಡಿ, ಬ್ಯಾರಿಗಳ ಹುಡುಗಿಯೂ ಇಲ್ಲೇ ಉಣ್ಣುವುದಾ ಅಂತ ಕೇಳಿದರು. ಧಣಿಗಳು ನಿನ್ನ ಮುಖ ನೋಡಿದರು. ನೀನು ರುಕಿಯಾಳ ಹತ್ತಿರ ಬಗ್ಗಿ, ಇವತ್ತೊಂದು ದಿನ ಹಿಂದಿನ ಜಗಲಿಯಲ್ಲಿ ಕೂತುಕೊಳ್ತೀಯಾ ಮಗಾ, ನಾಳೆಯಿಂದ ಮೊದಲಿನ ಹಾಗೆಯೇ ಅಂದೆ. ಉಪ್ಪು, ಪಲ್ಯ ಬಡಿಸಿ ಆಗಿದ್ದ ಎಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅವಳು ಅಷ್ಟು ಜನರ ಮುಂದೆ ನಡೆದು ಹೋದಳು. ಅವತ್ತು ಒಳಗಿನ ಎಲೆಗಳನ್ನೆಲ್ಲ ಆಳುಗಳು ತೆಗೆದರು. ಜಗಲಿಯ ಒಂದು ಎಲೆಯನ್ನು ಅವಳೇ ತೆಗೆದಳು. ಸೆಗಣಿ ನೀರು ಯಾರು ತಂದುಕೊಟ್ಟರು ಪ್ರೇಮಾ? ಹುಡುಗಿಯರು ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಅವಳು ಟ್ರಂಕು ಹಿಡಿದು ಮನೆಗೆ ಹೋದಳು.

ನಾನು ಬಂದು ಕೇಳಿದಾಗ ನಿನ್ನ ಉತ್ತರ ಸಿದ್ಧವಿತ್ತು. ಒಬ್ಬಳು ಒಂದು ಹೊತ್ತು ಹೊರಗೆ ಕೂತದ್ದಕ್ಕೆ ನೂರು ಹುಡುಗಿಯರಿಗೆ ಕೋಣೆ ಆಗ್ತದೆ, ಆ ನೂರರಲ್ಲಿ ರುಕಿಯಾಳಂಥವರೇ ಎಷ್ಟೋ ಮಂದಿ ಇರಬಹುದು, ನೀನೇ ಯೋಚನೆ ಮಾಡು ಶಶೀ ಅಂದೆ. ಯೋಚನೆ ಮಾಡಿದೆ. ನನ್ನ ಉತ್ತರ ಇವತ್ತು ಹೇಳುತ್ತೇನೆ. ನೀನೂ ನಿನ್ನ ಎಲೆ ಎತ್ತಿಕೊಂಡು ಹೋಗಿ ಅವಳ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು. ಮುದುಕಿ ಮುಖ ಸಿಂಡರಿಸುತ್ತಿದ್ದರು, ಕಟ್ಟಡವೂ ಆಗುತ್ತಿತ್ತು. ಧಣಿಗಳು ಕೊಟ್ಟ ಮಾತಿಗೆ ತಪ್ಪುವವರಲ್ಲ. ಮಾತಿಗೆ ತಪ್ಪಿದವಳು ನೀನು.

ಡಿಸೆಂಬರಿನಲ್ಲಿ ನಾನು ಕೆಲಸ ಬಿಟ್ಟೆ. ಗುರುವಾಯನಕೆರೆಯ ನೀರು ಒಗ್ಗುವುದಿಲ್ಲ ಎಂದು ಮನೆಯಲ್ಲಿ ಹೇಳಿದ್ದೇನೆ. ಇಲ್ಲಿ ಹೈಸ್ಕೂಲಿನಲ್ಲಿ ಎಂಟನೆಯ ತರಗತಿಗೆ ಪಾಠ ಮಾಡುತ್ತೇನೆ. ಕಾಲೇಜು ಬಿಟ್ಟು ಇಲ್ಲಿಗೇಕೆ ಬಂದಿರಿ ಎಂದು ಹೆಡ್‌ಮಾಸ್ತರರಿಗೆ ಇನ್ನೂ ಆಶ್ಚರ್ಯ. ಯಾರ ಹತ್ತಿರವೂ ನಿನ್ನ ಬಗ್ಗೆ ಒಂದು ಮಾತು ಆಡಿಲ್ಲ. ನಿನಗೆ ಮಾತ್ರ ಹೇಳುತ್ತೇನೆ, ನೀನು ಮೋಸ ಮಾಡಿದೆ. ಮೊದಲು ಅವಳಿಗೆ, ಆಮೇಲೆ ನನಗೆ. ಬೇರೆ ಯಾರು ಮಾಡಿದ್ದರೂ ಬೈದು ಸುಮ್ಮನಾಗುತ್ತಿದ್ದೆ. ನೀನು ಮಾಡಿದ್ದರಿಂದ ಊಟಕ್ಕೆ ಕೂತಾಗಲೆಲ್ಲ ಆ ಜಗಲಿಯ ಎಲೆ ಕಣ್ಣೆದುರು ಬರುತ್ತದೆ.

ರುಕಿಯಾಳನ್ನು ಮರಳಿ ಕಳಿಸಿ ಎಂದು ಕೇಳಲು ಅವರ ಮನೆಗೆ ಹೋಗಿ ಬಂದೆ. ಆಗಲಿಲ್ಲ. ಬಕ್ರೀದ್ ಕಳೆದ ಮೇಲೆ ಅವಳ ಮದುವೆ. ಹುಡುಗನಿಗೆ ಉಪ್ಪಿನಂಗಡಿಯಲ್ಲಿ ಒಣಮೀನಿನ ಅಂಗಡಿ ಉಂಟು, ಒಳ್ಳೆಯವನಂತೆ. ಏಪ್ರಿಲಿನ ಪಿ.ಯು.ಸಿ. ಪರೀಕ್ಷೆಗೆ ಕೂರುವ ಅವಕಾಶ ಇನ್ನೂ ಹೋಗಿಲ್ಲ, ಆದರೆ ಕೂರಿಸುವವರು ಯಾರು?

ಸನ್ಮಾನದ ದಿನ ಬೇರೆ ಯಾರಿಂದಾದರೂ ಮಾತಾಡಿಸು. ಶಾಲು ಹೊದೆಸುವಾಗ ನಗುನಗುತ್ತ ನಿಲ್ಲು, ನಿನಗೆ ಅದು ಚೆನ್ನಾಗಿ ಒಪ್ಪುತ್ತದೆ. ನಿನ್ನ ಮೇಲಿನ ಪ್ರೀತಿ ಹೋಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ, ಬರುವುದಿಲ್ಲ ಎಂದು ಒಂದು ಕಾರ್ಡು ಹಾಕುತ್ತಿದ್ದೆ.

ಒಂದು ಕಾಲಕ್ಕೆ ನಿನ್ನವಳೇ ಆಗಿದ್ದ,
ಶಶಿಪ್ರಭಾ

ತಾ.ಕ.: ಬರೆಯಬಾರದೆಂದಿದ್ದೆ, ಬರೆಯುತ್ತೇನೆ. ಬೀಫಾತಿಮಾಳಿಗೆ ಆ ದಿನದ ಸಂಗತಿ ಏನೂ ಗೊತ್ತಿಲ್ಲ. ಓದು ತಲೆಗೆ ಹತ್ತುವುದಿಲ್ಲ, ನನ್ನಿಂದಾಗದು ಎಂದು ರುಕಿಯಾ ತಾಯಿಗೆ ಹೇಳಿದ್ದಾಳೆ. ತಾಯಿ ಅದನ್ನು ನಂಬಿದ್ದಾಳೆ. ಬಿಸಿಲಲ್ಲಿ ಎರಡೆರಡು ಸಲ ನಡೆದು ಬಂದ ಪ್ರೇಮಾ ಟೀಚರ ಮುಖಕ್ಕೆ ಮಸಿ ಬಳಿದೆ ಎಂದು ನನ್ನ ಎದುರೇ ಮಗಳನ್ನು ಬೈದಳು. ಹುಡುಗಿ ತಲೆ ತಗ್ಗಿಸಿ ಬೀಡಿ ಕಟ್ಟುತ್ತಿದ್ದಳು. ಹೊರಡುವಾಗ ಬಾವಿಯ ಹತ್ತಿರ ನನ್ನನ್ನು ನಿಲ್ಲಿಸಿ, ಹೇಳಬೇಡಿ ಟೀಚರ್, ಉಮ್ಮನಿಗೆ ಗೊತ್ತಾದರೆ ಓಣಿಗೆಲ್ಲ ಗೊತ್ತಾಗ್ತದೆ, ಪಕ್ಕದ ಮನೆಯ ಪಾತುಮ್ಮ ತನ್ನ ಇಬ್ಬರು ಹುಡುಗಿಯರನ್ನು ಶಾಲೆಯಿಂದಲೇ ಬಿಡಿಸ್ತಾಳೆ ಎಂದು ಕೈ ಹಿಡಿದುಕೊಂಡಳು. ಅದಕ್ಕೇ ನಾನು ಸುಮ್ಮನಿದ್ದೇನೆ. ನಾನು ಹೇಳಿದರೆ ಅದು ದೂರು, ನೀನು ಹೇಳಿದರೆ ಮಾತ್ರ ತಪ್ಪೊಪ್ಪಿಗೆ. ದಡ್ಡಿ ಎಂದುಕೊಂಡು ತಾಯಿ ಅವಳಿಗೆ ಮದುವೆ ಮಾಡುತ್ತಿದ್ದಾಳೆ. ಮದುವೆಗೆ ಮೊದಲ ಕರೆ ನಿನಗೇ, ನನ್ನ ಬಾಯಲ್ಲಿ ಹೇಳಿ ಕಳಿಸಿದ್ದಾಳೆ. ಪ್ರೇಮಾ ಟೀಚರ್ ಬಂದು ತಲೆಯ ಮೇಲೆ ಕೈಯಿಟ್ಟು ಹರಸದೆ ಮಗಳನ್ನು ಮನೆಯಿಂದ ಇಳಿಸುವುದಿಲ್ಲವಂತೆ.