ಗುಲಾಬಿ ಪಾತಿಯ ಗರಿಕೆ

ಕಮ್ಮಿಂಗ್, ಜಾರ್ಜಿಯಾ
೨೯ ಸೆಪ್ಟೆಂಬರ್ ೨೦೨೪, ಭಾನುವಾರ

ಪ್ರೀತಿಯ ರೀ,

ಹೇಗಿದ್ದೀರಿ? ಬಿ.ಪಿ. ಮಾತ್ರೆ ಬಿಡದೆ ನುಂಗುತ್ತಿದ್ದೀರಾ? ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀರಾ, ಇಲ್ಲ ಬಾಟಲಿ ಇಟ್ಟಲ್ಲೇ ಇದೆಯಾ? ಫೋನಿದ್ದೂ ಈ ಕಾಗದ ಏಕೆಂದು ಹುಬ್ಬೇರಿಸಬೇಡಿ. ನೀವೂ ಇಲ್ಲಿಗೆ ಬನ್ನಿ ಎಂದು ನಾನು ಬಾಯಿ ತೆಗೆದರೆ ಸಾಕು, ಸರಸ್ವತಿಪುರಂನಲ್ಲಿ ನೆಟ್‌ವರ್ಕ್ ಸತ್ತುಹೋಗುತ್ತದೆ. ಕಾಗದವನ್ನು ಕಟ್ ಮಾಡಲಾಗುವುದಿಲ್ಲವಲ್ಲ! ನಾಡಿದ್ದು ಬೆಂಗಳೂರಿಗೆ ಹೊರಟಿರುವ ಪಕ್ಕದ ಮನೆಯ ಉಷಾ ಕೈಯಲ್ಲಿ ಕಳಿಸುತ್ತಿದ್ದೇನೆ. ಸೊಸೆ ನಂದಿತಾ ಚೆನ್ನಾಗಿದ್ದಾಳೆ, ಹೊಟ್ಟೆ ಮುಂದೆ ಬಂದಿದೆ. ಅವಳಿಗೆ ದಿನ ತುಂಬುವುದು ನವೆಂಬರಿನಲ್ಲಿ, ನನ್ನ ವಾಪಸು ಟಿಕೆಟ್ ಇರುವುದು ಅಕ್ಟೋಬರಿನಲ್ಲಿ. ಇಲ್ಲೇ ನಿಂತರೆ ನಿಮ್ಮ ಊಟದ ಚಿಂತೆ, ಅಲ್ಲಿಗೆ ಬಂದರೆ ಇವಳ ಬಾಣಂತನದ ಚಿಂತೆ. ಏನು ಮಾಡಲೋ ತೋಚದೆ ಒದ್ದಾಡುತ್ತಿದ್ದೇನೆ ಕಣ್ರೀ.

ಹೋಗಲಿ, ಮೊದಲು ಸಂತೋಷದ ಸಮಾಚಾರ ಕೇಳಿ. ಕಳೆದ ತಿಂಗಳ ಕೊನೆಯ ಶನಿವಾರ ಮಗ ಸಿದ್ಧಾರ್ಥ್ ನಮ್ಮನ್ನೆಲ್ಲ ಒಂದು ಹಳೆಯ ಬಂಗಲೆಯ ತೋಟಕ್ಕೆ ಕರೆದುಕೊಂಡು ಹೋದ. ನೂರು ವರ್ಷದ ಹಿಂದೆ ಇಲ್ಲಿಯ ಸಾಹುಕಾರನೊಬ್ಬ ಇಂಗ್ಲೆಂಡಿನ ದೊರೆಗಳ ಹಳ್ಳಿಮನೆಗಳನ್ನು ನೋಡಿಬಂದು, ತನಗೂ ಅಂಥದ್ದೇ ಬೇಕೆಂದು ಕಟ್ಟಿಸಿದನಂತೆ. ಈಗ ಅವನ ಪೈಕಿಯವರು ಯಾರೂ ಇಲ್ಲ, ಎಲ್ಲವೂ ಜನ ನೋಡುವುದಕ್ಕೆ ತೆರೆದಿದೆ. ಕಲ್ಲಿನ ಗೋಡೆ, ಕ್ಷೌರ ಮಾಡಿಸಿಕೊಂಡಂಥ ಪೊದೆ, ನಡುವೆ ಕಾರಂಜಿ, ಅದರ ಸುತ್ತ ಗುಲಾಬಿಯೋ ಗುಲಾಬಿ! ಇಂಗ್ಲಿಷರ ತೋಟ ನೋಡಲು ನಾನು ಜಾರ್ಜಿಯಾಕ್ಕೆ ಬರಬೇಕಾಯಿತು ನೋಡಿ. ಎಲ್ಲೆಲ್ಲೂ ಹೂವು ಮುಟ್ಟಬೇಡಿ ಎಂಬ ಬೋರ್ಡು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ನಡೆದೆ, ನನ್ನ ಕೈಯನ್ನು ನಂಬುವ ಹಾಗಿಲ್ಲ.

ಅಷ್ಟರಲ್ಲಿ ಏನು ಕಂಡಿತು ಗೊತ್ತೇ? ಗುಲಾಬಿ ಪಾತಿಯ ಅಂಚಿನಲ್ಲಿ ಗರಿಕೆ! ಎಳೆಯದು, ಹಸಿರೆಂದರೆ ಹಸಿರು, ಸಾಲಾಗಿ ಹಬ್ಬಿತ್ತು. ಮುಂದಿನ ಶನಿವಾರವೇ ಗಣೇಶನ ಹಬ್ಬ. ಪಕ್ಕದ ಊರು ಅಲ್ಫರೆಟಾದ ಇಂಡಿಯನ್ ಸ್ಟೋರಿನಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಾಡಿದ ಹುಲ್ಲು ಮಾರುತ್ತಾರೆ, ಅದನ್ನು ಏರಿಸಿದರೆ ಗಣಪತಿ ಮುಖ ತಿರುಗಿಸಿಯಾನು. ಹೂವು ತಾನೇ ಮುಟ್ಟಬಾರದು, ಹುಲ್ಲಿಗೇನು ಎಂದುಕೊಂಡು ಸೀರೆ ಎತ್ತಿ ಕಟ್ಟಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತೇಬಿಟ್ಟೆ. ನಂದಿತಾ ಹಿಂದಿನಿಂದ, “ಅತ್ತೆ, ಪ್ಲೀಸ್ ಎದ್ದೇಳಿ, ಯಾರಾದ್ರೂ ಕಂಪ್ಲೇಂಟ್ ಮಾಡ್ತಾರೆ,” ಎಂದು ಪಿಸುಗುಟ್ಟುತ್ತಲೇ ಇದ್ದಳು. ನಿಮ್ಮ ಮಗ ನಾನು ಯಾರೋ ಎನ್ನುವಂತೆ ಕಾರಂಜಿಯ ಫೋಟೋ ತೆಗೆಯುತ್ತಾ ನಿಂತ. ಥೇಟ್ ನಿಮ್ಮ ಹಾಗೆಯೇ!

ಹುಲ್ಲಿನ ಟೋಪಿ, ಹಸಿರು ಏಪ್ರನ್ ತೊಟ್ಟ ಒಬ್ಬ ಅಜ್ಜಿ ಸರಸರನೆ ಬಂದಳು. ಸಿಕ್ಕಿಬಿದ್ದೆ ಎಂದು ಕಿತ್ತ ಗರಿಕೆಯನ್ನು ಸೆರಗಿನಿಂದ ಮುಚ್ಚಿಕೊಂಡೆ. ಅವಳು ನನ್ನ ಮಡಿಲನ್ನೂ ನೆಲವನ್ನೂ ನೋಡಿ, ಒಳಗೆ ಹೋಗಿ, ಕೈಗವಸು ಮತ್ತು ಬಕೆಟ್ ತಂದುಕೊಟ್ಟಳು! ನಾನೂ ಕಳೆ ಕೀಳಲು ಬಂದವಳು ಎಂದುಕೊಂಡಿದ್ದಳಂತೆ. ಅವಳ ಹೆಸರು ಡಾರ್ಲೀನ್, ರಿಟೈರಾದ ಟೀಚರ್. ಶನಿವಾರ ಶನಿವಾರ ಅವಳಂಥ ಹಿರಿಯರೆಲ್ಲ ಸೇರಿ ಇಲ್ಲಿ ಪುಕ್ಕಟೆ ಕೆಲಸ ಮಾಡುತ್ತಾರೆ. ಗರಿಕೆ ಎಂದರೆ ಅವರಿಗೆ ಪರಮ ಶತ್ರು, ಎಷ್ಟು ಕಿತ್ತರೂ ಗುಲಾಬಿಯ ಬುಡಕ್ಕೇ ನುಗ್ಗುತ್ತದಂತೆ. ಮೊಮ್ಮಗಳು ಮಾನ್ಯಾ ಅದು ಗಣೇಶನಿಗೆ ಎಂದು ಇಂಗ್ಲಿಷಿನಲ್ಲಿ ವಿವರಿಸಿ, ನನ್ನ ಕಡೆ ತಿರುಗಿ, “ಅಜ್ಜಿ, ಶಿ ಈಸ್ ಸೋ ಹ್ಯಾಪಿ! ನಿಮ್ಮ ಗಾಡ್‌ಗೆ ಎಲ್ಲಾ ತಗೊಂಡ್ ಹೋಗಿ ಅಂತಾಳೆ,” ಎಂದಳು. ಆಮೇಲೆ ಕೇಳಬೇಕೇ? ಚಿಗುರು ನನ್ನ ಮಡಿಲಿಗೆ, ಬೇರು ಅವರ ಬಕೆಟಿಗೆ. ಈ ಊರಿಗೆ ಬಂದಮೇಲೆ ಅಷ್ಟು ನಕ್ಕಿದ್ದು ಅದೇ ಮೊದಲು. ಕಾರಿಲ್ಲದೆ ಗೇಟು ದಾಟಲಾಗದೆ ಪಾರ್ಸಲ್ಲಿನಂತೆ ಕೂತಿದ್ದವಳಿಗೆ ಕೈಗೆ ಮಣ್ಣು ಹತ್ತಿದ್ದೇ ತಡ, ಜೀವ ಬಂತು.

ಹಬ್ಬದ ದಿನ ಇಲ್ಲಿಯ ಕನ್ನಡದವರ ಮನೆಗಳಿಗೆಲ್ಲ ನಾನೇ ಗರಿಕೆ ಹಂಚಿದೆ. ಡಾರ್ಲೀನ್ ಕೂಡ ಪೂಜೆಗೆ ಬಂದಿದ್ದಳು. ಗಣಪತಿಯ ತಲೆಯ ಮೇಲೆ ತನ್ನ ಶತ್ರುವನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಡುಬನ್ನು ಕೇಳಿ ಕೇಳಿ ಹಾಕಿಸಿಕೊಂಡಳು. ಈಗ ಶನಿವಾರ ಬೆಳಿಗ್ಗೆ ಅವಳೇ ಕಾರಿನಲ್ಲಿ ಬಂದು ನನ್ನನ್ನು ತೋಟಕ್ಕೆ ಕರೆದೊಯ್ಯುತ್ತಾಳೆ. ನನಗೂ ಒಂದು ಹಸಿರು ಏಪ್ರನ್ ಕೊಟ್ಟಿದ್ದಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ದಿನಾ ಹೋಟೆಲ್ ದೋಸೆ ಬೇಡ. ಎದುರುಮನೆಯ ರಾಜಲಕ್ಷ್ಮಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಮಾನ್ಯಾ ತಾತನಿಗೆ ಮುತ್ತು ಕಳಿಸಿದ್ದಾಳೆ, ಕಾಗದದ ತುದಿ ಒದ್ದೆಯಾಗಿರುವುದು ಅದಕ್ಕೇ.

ನಿಮ್ಮವಳೇ,
ಜಾನಕಿ

ಮರೆತಿದ್ದೆ: ಕಾಗದ ಒಯ್ಯಲು ಉಷಾ ಬಾಗಿಲಲ್ಲೇ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಆ ತೋಟದ ಗುಲಾಬಿ ಎಲೆಗಳಿಗೆ ಕಪ್ಪು ಚುಕ್ಕೆ ಬಿದ್ದಿತ್ತು. ಮೈಸೂರಿನ ಫ್ಲವರ್ ಶೋನಲ್ಲಿ ನಮ್ಮ ಯಜಮಾನರ ಗುಲಾಬಿಗೆ ಬಹುಮಾನ ಬಂದಿದೆ ಎಂದು ಜಂಬ ಕೊಚ್ಚಿದೆ. ಅವರು ಯಾವಾಗ ಬರುತ್ತಾರೆ ಎಂದು ಡಾರ್ಲೀನ್ ಮತ್ತು ಉಳಿದವರು ಕೇಳಿದರು. ಬರುತ್ತಾರೆ ಎಂದುಬಿಟ್ಟೆ, ಬಾಯಿಗೆ ಬಂತು. ನಿನ್ನೆ ಹೋದರೆ ನನ್ನ ಏಪ್ರನ್ ಪಕ್ಕದ ಮೊಳೆಗೆ ಇನ್ನೊಂದು ನೇತುಹಾಕಿದ್ದಾರೆ ರೀ, ಎದೆಯ ಮೇಲೆ ಇಂಗ್ಲಿಷಿನಲ್ಲಿ ‘ಅನಂತ’ ಎಂದು ನಿಮ್ಮ ಹೆಸರು. ಅದನ್ನು ಹಿಡಿದುಕೊಂಡು ಅಷ್ಟು ಜನರ ಮುಂದೆ ಅತ್ತುಬಿಟ್ಟೆ. ನೀವು ಹೂಂ ಎಂದರೆ ಸಿದ್ಧಾರ್ಥ್ ಅವತ್ತೇ ಟಿಕೆಟ್ ಬುಕ್ ಮಾಡುತ್ತಾನೆ, ನನ್ನದನ್ನೂ ಮುಂದಕ್ಕೆ ಹಾಕಿಸುತ್ತಾನೆ. ಬಂದುಬಿಡಿ. ನೀವಿಲ್ಲದೆ ನನಗೆ ಆಗುವುದಿಲ್ಲ.